ಹನ್ನೊಂದನೇ ಕಲಂ

ಫೆಬ್ರವರಿ ೯

ಬೆಣ್ಣೆ,

ಎರಡು ವರ್ಷ ಆದ ಮೇಲೆ ಕಾಗದ ಬರೀತಿದೀನಿ ಅಂತ ಗಾಬರಿ ಬೀಳಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಾನು ಬೈಯೋಕೆ ಶುರು ಮಾಡಿದ ತಕ್ಷಣ ನಿನಗೆ ಮೀಟಿಂಗ್ ಇರುತ್ತೆ. ಕಾಗದಕ್ಕೆ ಆ ನೆಪ ಹೇಳೋಕಾಗಲ್ಲ. ಆಫೀಸಿನ ಮೇಲ್ ಅಂತೂ ನಾಲ್ಕು ಜನ ಓದ್ತಾರೆ. ಇದನ್ನ ನೀನೊಬ್ಬಳೇ ಓದಬೇಕು.

ಮನೆಗೆ ಹೋಗಿ ನೋಡಿ ವರದಿ ಬರೆಯೋಕೆ ನನ್ನ ಪಾಲಿಗೆ ಬಂದಿರೋ ಮೂವತ್ತೆಂಟು ಕುಟುಂಬಗಳಲ್ಲಿ ಒಬ್ಬಳು ಇಸ್ತ್ರಿಯವಳಿದ್ದಾಳೆ. ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕ್ತಾಳೆ, ಬೆಳಿಗ್ಗೆ ಆರರಿಂದ ಎರಡರವರೆಗೆ. ಗಂಡ ಇಲ್ಲ. ಇದ್ದಾಗಲೂ ಇದ್ದ ಹಾಗಿರಲಿಲ್ಲವಂತೆ. ಆರು ವರ್ಷದ ಮಗಳು, ಪುಟ್ಟಿ. ಇವಳು ನನ್ನನ್ನ ಅಕ್ಕ ಅಂತಾಳೆ, ಅದಕ್ಕೆ ಪುಟ್ಟಿ ದೊಡ್ಡಮ್ಮ ಅನ್ನುತ್ತೆ. ಬೇಡ ಅಂದರೆ ಕೇಳಲ್ಲ.

ಇಬ್ಬರೂ ಇರೋದು ನೆಲಮಾಳಿಗೆಯ ಒಂದೇ ರೂಮಲ್ಲಿ. ಕಟ್ಟಡ ಬೇರೆ ಯಾರದ್ದೂ ಅಲ್ಲ, ನಮ್ಮ ಇಲಾಖೆಯ ವಸತಿ ಶಾಖೆಯದೇ. ಮೇಲಿನ ಮೂರು ಮಹಡಿಯ ಪೈಪು ಆ ಗೋಡೆಯೊಳಗೆ ಸೋರ್ತಾ ಇದೆ. ಕೈ ಇಟ್ಟರೆ ಕೈ ಒದ್ದೆ, ಮಂಚದ ಹಿಂದೆ ಕಪ್ಪಗೆ ಬೂಷ್ಟು. ಅವಳು ದಿನಾ ಸಂಜೆ ಹಾಸಿಗೆಗೇ ಇಸ್ತ್ರಿ ಹಾಕ್ತಾಳೆ ಕಣೇ! ಒಣಗಿದ ಮೇಲೆ ಮಗುವನ್ನ ಮಲಗಿಸ್ತಾಳೆ. ಮಗು ಕೆಮ್ಮಿ ಕೆಮ್ಮಿ ಪಕ್ಕೆಲುಬು ಎಣಿಸೋ ಹಾಗಾಗಿದೆ. ಡಾಕ್ಟರು ಮೂರು ಸಲ 'ಮನೆ ಬದಲಿಸಿ' ಅಂತ ಬರೆದುಕೊಟ್ಟಿದ್ದಾರೆ. ನಾನು ವಸತಿ ಶಾಖೆಗೆ ಹನ್ನೊಂದು ಸಲ ಬರೆದಿದೀನಿ. ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು.

ಈಗ ನೀನು ಮಾಡಿದ ಆ ಘನವಾದ ನಮೂನೆ. ಇಪ್ಪತ್ತಮೂರು ಕಲಂ, ನೂರು ಅಂಕ, ಮಗುವಿಗೆ ಅಪಾಯ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಎಂಬತ್ತು ದಾಟಿದರೆ ತಿಂಗಳಲ್ಲಿ ಮನೆ. ಇವಳದು ಅರವತ್ತನಾಲ್ಕು. ಯಾಕೆ ಗೊತ್ತಾ? ಅವಳು ಕುಡಿಯಲ್ಲ, ಮಗುವನ್ನ ಹೊಡೆಯಲ್ಲ, ಸ್ಕೂಲು ತಪ್ಪಿಸಲ್ಲ. ಒಳ್ಳೆಯವಳಾಗಿದ್ದಕ್ಕೆ ಅಂಕ ಕಡಿಮೆ. ಗೋಡೆ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲವಲ್ಲೇ ಅದರಲ್ಲಿ! ತಾಯಿ ಬಗ್ಗೆ ಒಂಬತ್ತು ಪ್ರಶ್ನೆ ಇದೆ. ಥೂ, ಅದನ್ನ ತುಂಬೋವಾಗ ನನ್ನ ಕೈ ನನಗೇ ಹೇಸಿಗೆ ಅನ್ನಿಸುತ್ತೆ.

ಏನಾದರೂ ಮಾಡು. ನೀನು ಹೆಡ್ಡಾಫೀಸಿಗೆ ಹೋಗೋವಾಗ ಅಂದಿದ್ದೆ, 'ಒಳಗೆ ಒಬ್ಬರಾದರೂ ಇರಬೇಕು ಕಣೇ' ಅಂತ. ಆಮೇಲೆ ನಾವು ಮಾತು ಬಿಟ್ಟಿದ್ದೂ ಅದಕ್ಕೇ. ಒಳಗಿದ್ದೀಯಲ್ಲ, ಈಗ ತೋರಿಸು.

ಸೂಜಿ


ಫೆಬ್ರವರಿ ೨೧

ಪ್ರೀತಿಯ ಸೂಜಿ,

ನಿನ್ನ ಕಾಗದ ಕಂಡು ಎಷ್ಟು ಖುಷಿಯಾಯಿತೆಂದರೆ ಬೈಗುಳವನ್ನೂ ಎರಡೆರಡು ಸಲ ಓದಿದೆ. ನನ್ನನ್ನು ಇಲ್ಲಿ ಯಾರೂ ಬೆಣ್ಣೆ ಎನ್ನುವುದಿಲ್ಲ. 'ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡ್ತಾಳೆ' ಎಂದು ಹಾಸ್ಟೆಲಿನಲ್ಲಿ ನೀನು ಇಟ್ಟ ಹೆಸರು. ಇಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ.

ಗೋಡೆಯ ಪ್ರಶ್ನೆಯನ್ನು ನಾನು ಹಾಕಿದ್ದೆ. ನಮ್ಮದೇ ಕಟ್ಟಡದ ದೋಷವನ್ನು ನಮ್ಮದೇ ನಮೂನೆಯಲ್ಲಿ ಒಪ್ಪಿಕೊಂಡರೆ ನಾಳೆ ಅದನ್ನೇ ಹಿಡಿದು ಜನ ಕೋರ್ಟಿಗೆ ಹೋಗುತ್ತಾರೆ ಎಂದು ಕಾನೂನು ವಿಭಾಗದವರು ಹೊಡೆದುಹಾಕಿದರು. ವಾದ ಮಾಡಿದೆ, ಸೋತೆ. ನಂಬಿದರೆ ನಂಬು.

ಇನ್ನು ಮುಂದೆ ಬರೆಯುವುದನ್ನು ನಾನು ಬರೆದೇ ಇಲ್ಲ ಎಂದುಕೋ. ಹನ್ನೊಂದನೇ ಕಲಂ ನೋಡು: 'ತಾಯಿ ವಾಸದ ಜಾಗವನ್ನು ಶುಚಿಯಾಗಿ, ತೇವವಿಲ್ಲದಂತೆ ಇಟ್ಟುಕೊಂಡಿದ್ದಾಳೆಯೇ?' 'ಇಲ್ಲ' ಎಂದರೆ ಇಪ್ಪತ್ತು ಅಂಕ. ತೇವವಿದೆ ಎನ್ನುವುದು ಸುಳ್ಳಲ್ಲವಲ್ಲ? ಉಳಿದ ಆಫೀಸುಗಳಲ್ಲಿ ಇದಕ್ಕೆ 'ಉಪ್ಪುಖಾರ ಹಾಕೋದು' ಎನ್ನುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಎರಡು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಸಿಕ್ಕಿರುವುದು ಹೀಗೆಯೇ. ಇಷ್ಟು ದಿನ ನೀನೊಬ್ಬಳೇ ಸತ್ಯಸಂಧೆಯ ಹಾಗೆ ಸಪ್ಪೆ ವರದಿ ಬರೆಯುತ್ತ ಕೂತಿದ್ದೀಯ.

ಓದಿ ಹರಿದುಹಾಕು.

ನಿನ್ನ ಬೆಣ್ಣೆ


ಮಾರ್ಚ್ ೪

ಬೆಣ್ಣೆ,

ಹಾಕಿದೆ. ಉಪ್ಪೂ ಹಾಕಿದೆ, ಖಾರಾನೂ ಹಾಕಿದೆ.

ನಾನು ಬರ್ತೀನಿ ಅಂತ ಗೊತ್ತಾಗಿ ಅವಳು ಲಾಂಡ್ರಿಗೆ ಅರ್ಧ ದಿನ ರಜ ಹಾಕಿ ಗೋಡೆ ಉಜ್ಜಿಟ್ಟಿದ್ದಳು. ಬೆರಳ ಸಂದಿ ಎಲ್ಲ ಬ್ಲೀಚಿಗೆ ಸುಲಿದುಹೋಗಿತ್ತು. 'ಅಕ್ಕಾ, ಈ ಸಲ ಪಾಸ್ ಆಗ್ತೀನಾ?' ಅಂದಳು. ನಾನು ಅಲ್ಲೇ, ಅವಳ ಮಂಚದ ಮೇಲೆ ಕೂತು, ಅವಳು ಕೊಟ್ಟ ಟೀ ಕುಡೀತಾ, 'ಇಲ್ಲ' ಅಂತ ಗುರುತು ಹಾಕಿದೆ. ವಿವರಣೆ ಜಾಗದಲ್ಲಿ ಬರೆದೆ: 'ತಾಯಿಯು ಒದ್ದೆ ಹಾಸಿಗೆಯ ಮೇಲೆ ವಿದ್ಯುತ್ ಇಸ್ತ್ರಿಪೆಟ್ಟಿಗೆ ಬಳಸುತ್ತಾಳೆ. ಮಗುವಿನ ಆರೋಗ್ಯದ ಬಗ್ಗೆ ನಿರ್ಲಕ್ಷ್ಯ.' ನಿರ್ಲಕ್ಷ್ಯ! ಆ ಹೆಂಗಸಿಗೆ!

ಸಹಿ ಹಾಕೋ ಮುಂಚೆ ಓದು ಅಂದೆ. 'ನೀವು ಬರೆದ ಮೇಲೆ ನಾನೇನು ಓದೋದು ಅಕ್ಕಾ' ಅಂದುಬಿಟ್ಟಳು. ಸದ್ಯ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಆಮೇಲೆ ದಾರಿಯುದ್ದಕ್ಕೂ ನನ್ನ ಮುಖಕ್ಕೆ ನಾನೇ ಉಗಿದುಕೊಂಡೆ.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಸೋರಿದ್ದು ಇಲಾಖೆ ಪೈಪು, ಒರೆಸಿದ್ದು ಇವಳ ಬಾಯಿಗೆ, ಒರೆಸಿದ ಕೈ ನಂದು. ಆಗಲಿ, ಎಂಬತ್ತನಾಲ್ಕು ಬಂತು. ಮನೆ ಬರಲಿ. ಇಷ್ಟರಲ್ಲೇ ಯಾರಾದರೂ ಬರ್ತಾರೆ, ಚೆನ್ನಾಗಿ ಮಾತಾಡಿಸು ಅಂತ ಅವಳಿಗೆ ಹೇಳಿ ಬಂದಿದೀನಿ.

ಸೂಜಿ


ಮಾರ್ಚ್ ೧೯

ಮಗುವನ್ನ ಎತ್ತಿಕೊಂಡು ಹೋದ್ರು ಕಣೇ.

ಮನೆ ಬರುತ್ತೆ ಅಂತ ಕಾಯ್ತಿದ್ದೆ, ವ್ಯಾನ್ ಬಂತು. ಮಧ್ಯಾಹ್ನ ಮೂರಕ್ಕೆ ಮಕ್ಕಳ ಮಂಡಳಿಯಿಂದ ಇಬ್ಬರು ಬಂದಿದ್ದಾರೆ. ಪುಟ್ಟಿ ಆಗ ತಾನೇ ಸ್ಕೂಲಿಂದ ಬಂದು ಒಂದು ಶೂ ಬಿಚ್ಚಿತ್ತಂತೆ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಕಾಲುಚೀಲ, ಹಾಗೇ ಕರಕೊಂಡು ಹೋದರು. ಇವಳು ಆಗ ಒಲೆ ಹತ್ತಿರ ಇದ್ದಳಂತೆ, ಅವರಿಗೇ ಅಂತ ಟೀ ಮಾಡ್ತಾ. ನಾನೇ ಹೇಳಿದ್ದೆನಲ್ಲ, ಚೆನ್ನಾಗಿ ಮಾತಾಡಿಸು ಅಂತ.

ನಮ್ಮ ಆಫೀಸಿಗೆ ಓಡಿಬಂದಳು. ಆ ಶೂ ಕೈಯಲ್ಲೇ ಇತ್ತು. 'ಅಕ್ಕಾ, ಯಾರೋ ತಪ್ಪು ಮಾಡಿದ್ದಾರೆ. ನೀವು ಒಂದು ಮಾತು ಹೇಳಿ, ನೀವು ಹೇಳಿದರೆ ಕೇಳ್ತಾರೆ.'

ಅವಳನ್ನ ಕೂರಿಸಿ ಒಳಗೆ ಹೋಗಿ ಸಾಹೇಬರ ಮೇಜು ಹುಡುಕಿದೆ. ಹನ್ನೆರಡನೇ ತಾರೀಖು ಬಂದ ಸುತ್ತೋಲೆ, ನಮಗ್ಯಾರಿಗೂ ತೋರಿಸದೆ, ಹಾಗೇ ಬಿದ್ದಿತ್ತು. 'ಮಾರ್ಚ್ ಒಂದರಿಂದ ಎಂಬತ್ತು ದಾಟಿದ ಪ್ರಕರಣಗಳನ್ನು ವಸತಿ ಶಾಖೆಗೆ ಕಳಿಸತಕ್ಕದ್ದಲ್ಲ, ಮಕ್ಕಳ ಮಂಡಳಿಗೆ ಕಳಿಸತಕ್ಕದ್ದು.' ಕೆಳಗೆ ಸಹಿ ನಿಂದು. ಫೆಬ್ರವರಿ ಇಪ್ಪತ್ತೈದು.

ಇಪ್ಪತ್ತೊಂದಕ್ಕೆ ನನಗೆ ಉಪ್ಪುಖಾರ ಹಾಕು ಅಂತ ಬರೆದೆ. ಇಪ್ಪತ್ತೈದಕ್ಕೆ ಇದಕ್ಕೆ ಸಹಿ ಹಾಕಿದೆ. ಮಧ್ಯೆ ನಾಲ್ಕೇ ದಿನ. ನಿನಗೇನಾಗಿತ್ತೇ ರೋಗ, ಒಂದು ಸಾಲು ಬರೆಯೋಕೆ?


ಏಪ್ರಿಲ್ ೨

ಸೂಜಿ,

ನಿನ್ನ ಎಂಟು ಫೋನನ್ನೂ ನೋಡಿದೆ. ಎತ್ತುವ ಧೈರ್ಯ ಬರಲಿಲ್ಲ.

ಎಲ್ಲೋ ಒಂದು ಕಡೆ ಒಂದು ಮಗು ಸತ್ತು ಸುದ್ದಿಯಾಯಿತು. ಎಂಬತ್ತೊಂಬತ್ತು ಅಂಕದ ಮಗುವನ್ನು ಮನೆಯ ಸಾಲಿನಲ್ಲಿ ಯಾಕೆ ನಿಲ್ಲಿಸಿದಿರಿ ಎಂದು ಮೇಲಿನವರು ಕೇಳಿದರು. ಎರಡು ದಿನದಲ್ಲಿ ಸುತ್ತೋಲೆ ಮಾಡು ಎಂದರು, ಮಾಡಿದೆ. ಬರೆಯುವಾಗ ನಿನ್ನ ನೆನಪು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಸಂಜೆ ತಿಳಿಸಿದರಾಯಿತು ಅಂದುಕೊಂಡೆ. ಸಂಜೆ ಇನ್ನೇನೋ ಕೆಲಸ ಬಂತು. ಆಮೇಲೆ ಮರೆತೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ಕೇಳು. ವಿಚಾರಣೆ ಜೂನ್ ಹನ್ನೆರಡಕ್ಕೆ ಇದೆ. ನೀನು ಹೋಗಿ 'ಮನೆ ಸಿಗಲಿ ಅಂತ ಹೀಗೆ ಬರೆದೆ' ಎಂದರೆ ಅವರ ಮುಂದಿನ ಪ್ರಶ್ನೆ 'ಇನ್ನೆಷ್ಟು ವರದಿ ಹೀಗಿವೆ?' ಎಂದೇ ಇರುತ್ತದೆ. ಹನ್ನೊಂದನೇ ಕಲಮಿನಿಂದ ಮನೆ ಪಡೆದ ಎಲ್ಲ ಫೈಲುಗಳೂ ಮೇಲೆ ಬರುತ್ತವೆ. ಮುನ್ನೂರ ಹನ್ನೆರಡು, ಎಣಿಸಿದ್ದೇನೆ. ಸುಳ್ಳು ವರದಿಯಿಂದ ಪಡೆದ ಮನೆ ವಾಪಸ್ಸು ತೆಗೆದುಕೊಳ್ಳುವುದು ನಿಯಮ. ಇಲ್ಲವೇ ವರದಿ ನಿಜವೆಂದು ಹಿಡಿದು ಆ ಮಕ್ಕಳನ್ನೂ ಎತ್ತಿಕೊಳ್ಳುತ್ತಾರೆ. ಒಂದು ಮಗುವಿಗಾಗಿ ಮುನ್ನೂರು ಮನೆ. ನ್ಯಾಯ ಎಂದರೆ ಇದೂ ಒಂದು ಲೆಕ್ಕ ಅಲ್ಲವೇನೇ?

ದುಡುಕಬೇಡ. ಆರು ತಿಂಗಳಿಗೆ ಮರುಪರಿಶೀಲನೆ ಇರುತ್ತದೆ. ಆಗ ನೋಡೋಣ.

ಬೆಣ್ಣೆ


ಏಪ್ರಿಲ್ ೨೭

ಬೆಣ್ಣೆ,

ಮಕ್ಕಳ ನಿಲಯಕ್ಕೆ ಹೋಗಿದ್ದೆ. ಒಣಗಿದ ಗೋಡೆ, ದೊಡ್ಡ ಕಿಟಕಿ, ಬಿಸಿಲು. ಪುಟ್ಟಿಯ ಕೆಮ್ಮು ಪೂರ್ತಿ ನಿಂತಿದೆ. ನಿಲಯದ ಮೇಲ್ವಿಚಾರಕಿ ಹೆಮ್ಮೆಯಿಂದ ಫೈಲು ತೋರಿಸಿದಳು: 'ತಾಯಿಯಿಂದ ದೂರವಿಟ್ಟ ಮೇಲೆ ಮಗುವಿನ ಆರೋಗ್ಯ ಗಣನೀಯವಾಗಿ ಸುಧಾರಿಸಿದೆ.' ಅರ್ಥ ಆಯ್ತೇನೇ? ಗೋಡೆಯಿಂದ ದೂರ ಇಟ್ಟರು, ಮಗುಗೆ ವಾಸಿಯಾಯ್ತು, ತಪ್ಪು ತಾಯಿದಾಯ್ತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಕೇಳಿದ್ದೆ. ಇಲ್ಲಿ ಎತ್ತು ವಾಸಿಯಾದ್ದಕ್ಕೂ ಎಮ್ಮೆಗೇ ಬರೆ.

ಮಗು ಈಗ ಅಳಲ್ಲ. ಅದೇ ಭಯ ನನಗೆ. 'ದೊಡ್ಡಮ್ಮ, ನಾನು ಕೆಮ್ಮೋದು ಬಿಟ್ಟಿದೀನಿ, ಅಮ್ಮನಿಗೆ ಹೇಳು. ಈಗ ಮನೆಗೆ ಬರಬಹುದಾ?' ಅಂತು. ತಾನು ಕೆಮ್ಮಿದ್ದಕ್ಕೇ ಕರಕೊಂಡು ಬಂದಿದ್ದಾರೆ ಅಂದುಕೊಂಡಿದೆ ಅದು.

ಇಸ್ತ್ರಿಯವಳಿಗೆ ನಿಜ ಹೇಳಿಲ್ಲ. ಹೇಳಿದರೆ ವಕೀಲರಿಗೆ ಹೇಳ್ತಾಳೆ, ನಿನ್ನ ಮುನ್ನೂರ ಹನ್ನೆರಡು ಫೈಲು ಬೀದಿಗೆ ಬರುತ್ತೆ. ಅಷ್ಟು ಲೆಕ್ಕ ನನಗೂ ಬರುತ್ತೆ. ಅವಳು ವಾರಕ್ಕೆರಡು ಸಲ ಬಂದು ನನ್ನ ಕೈ ಹಿಡ್ಕೊಂಡು ಕೂರ್ತಾಳೆ. ವರದಿ ಯಾರೋ ಮೇಲಿನವರು ತಿದ್ದಿದ್ದಾರೆ ಅಂತಲೇ ನಂಬಿದ್ದಾಳೆ. 'ನನಗೆ ನೀವೊಬ್ಬರಾದರೂ ಇದ್ದೀರಲ್ಲ ಅಕ್ಕಾ' ಅಂತಾಳೆ. ಅವಳು ಹೋದ ಮೇಲೆ ನಾನು ಕೈ ತೊಳೀತೀನಿ. ಅವಳ ಕೈ ಗಲೀಜು ಅಂತಲ್ಲ.

ಇನ್ನು ಹೋದ ವಾರ ಸಮ್ಮೇಳನದಲ್ಲಿ ನೀನು ಮಾಡಿದ ಭಾಷಣ. ಬಂದಿದ್ದೆ ಕಣೇ, ಕೊನೇ ಸಾಲಲ್ಲಿ ಕೂತಿದ್ದೆ. ನೀನು ನೋಡಿದೆ, ನೋಡದ ಹಾಗೆ ಗ್ಲಾಸು ಎತ್ತಿಕೊಂಡೆ. 'ಸಮಾಜಕಾರ್ಯದಲ್ಲಿ ಸಾಮಾಜಿಕ ನ್ಯಾಯ: ತತ್ವದಿಂದ ಆಚರಣೆಗೆ.' ಎಷ್ಟು ಚಂದದ ಬ್ಯಾನರು! 'ಕನಿಕರವಲ್ಲ, ಹಕ್ಕು' ಅಂದೆ. ಚಪ್ಪಾಳೆ ಬಿತ್ತು. ನಾನು ಊಟಕ್ಕೆ ಮುಂಚೆ ಎದ್ದುಬಂದೆ.

ಯಾಕೆ ಎದ್ದುಬಂದೆ ಗೊತ್ತಾ? ನೀನು ಹೇಳಿದ್ದು ನಿಜ, ಅದಕ್ಕೆ. ಒಣಗಿದ ಗೋಡೆ ಅವಳ ಪಾಲಿಂದು. ಕೇಳಿದ ದಿನವೇ ಕೊಡಬೇಕಾಗಿತ್ತು. ಅದನ್ನ ಕೊಡೋಕೆ ನಾವು ಅವಳನ್ನ ಕೆಟ್ಟ ತಾಯಿ ಮಾಡಬೇಕು. ಮುನ್ನೂರ ಹನ್ನೆರಡು ಹೆಂಗಸರನ್ನ ಕಾಗದದ ಮೇಲೆ ಕೆಟ್ಟ ತಾಯಂದಿರು ಮಾಡಿದೀವಿ, ಅವರಿಗೇ ಗೊತ್ತಿಲ್ಲ. ಅವರ ಮಾನ ತೆಗೆದು ಅವರಿಗೇ ಮನೆ ಕೊಟ್ಟು, ಉಪಕಾರ ಮಾಡಿದೀವಿ ಅಂತ ಬೀಗ್ತೀವಿ. ಇದಕ್ಕೆ ನೀನು ನ್ಯಾಯ ಅಂತೀಯ, ನಾನು ಜಾಣತನ ಅಂದುಕೊಂಡಿದ್ದೆ. ಥೂ ನಮ್ಮಿಬ್ಬರ ಜನ್ಮಕ್ಕೆ.

ಆರು ತಿಂಗಳ ಮಾತು ನನ್ನ ಹತ್ತಿರ ಆಡಬೇಡ. ಆರು ವರ್ಷದ ಮಗುಗೆ ಆರು ತಿಂಗಳು ಅಂದರೆ ಎಷ್ಟು, ನಿನ್ನ ಯಾವ ಕಲಮಲ್ಲಿದೆ?

ಸೂಜಿ


ಮೇ ೧೫

ಸೂಜಿ,

ಮೂರು ಸಲ ಬರೆದು ಮೂರು ಸಲ ಹರಿದೆ. ನಾನೂ ಬಂದು ಸಾಕ್ಷಿ ಹೇಳಬೇಕೆಂದು ನಿನ್ನ ಮನಸ್ಸಿನಲ್ಲಿದ್ದರೆ ಅದು ಆಗುವುದಿಲ್ಲ. ಹೆದರಿಕೆ ಎಂದರೂ ಸರಿ. ನೀನಾದರೂ ಏನು ಮಾಡಲಿದ್ದೀಯ, ಅದನ್ನು ಮಾತ್ರ ತಿಳಿಸು.

ಬೆಣ್ಣೆ


ಜೂನ್ ೧೪

ಬೆಣ್ಣೆ,

ತಿಳಿಸಲಿಲ್ಲ, ಬೇಕಂತಲೇ. ಈಗ ತಿಳಿಸ್ತೀನಿ. ನಿನ್ನ ಮುನ್ನೂರ ಹನ್ನೆರಡು ಮನೆಗೆ ಏನೂ ಆಗಿಲ್ಲ, ನೆಮ್ಮದಿಯಾಗಿ ಉಸಿರು ಬಿಡು.

ಉದ್ದನೆಯ ಮೇಜು, ಆ ಕಡೆ ಮಂಡಳಿಯ ಮೂವರು, ಈ ಕಡೆ ನಾನು. ಪಕ್ಕದಲ್ಲಿ ಇಸ್ತ್ರಿಯವಳು, ಇದ್ದುದರಲ್ಲಿ ಒಳ್ಳೆ ಬಟ್ಟೆ ಹಾಕ್ಕೊಂಡು. ನನ್ನ ನೋಡಿ ಸ್ವಲ್ಪ ನಕ್ಕಳು, ಧೈರ್ಯ ಬಂದವರ ಹಾಗೆ.

ಅಧ್ಯಕ್ಷೆ ವರದಿ ಓದಿ ಕೇಳಿದಳು, 'ಇದರಲ್ಲಿ ಏನಾದರೂ ಬದಲಾವಣೆ ಇದೆಯಾ?' ನಾನು ಅಂದೆ, 'ಹನ್ನೊಂದನೇ ಕಲಂ ಸುಳ್ಳು. ಈ ತಾಯಿ ಮನೆಯನ್ನ ಕನ್ನಡಿ ಹಾಗೆ ಇಟ್ಟುಕೊಂಡಿದ್ದಾಳೆ. ನೀರು ಬರೋದು ಪೈಪಿಂದ. ಸುಳ್ಳು ಬರೆದವಳು ನಾನು.'

'ಯಾಕೆ?'

ಆ ಪ್ರಶ್ನೆಗೆ ಆರು ವಾರ ಉತ್ತರ ಹುಡುಕಿದ್ದೆ. 'ನನಗೆ ಅವಳನ್ನ ಕಂಡರೆ ಆಗ್ತಿರಲಿಲ್ಲ' ಅಂದೆ. 'ಒಂದು ಸಲ ನಾಲ್ಕು ಜನರ ಮುಂದೆ ನನಗೆ ಎದುರು ಮಾತಾಡಿದ್ದಳು. ಆ ಸಿಟ್ಟಿಗೆ ಬರೆದೆ. ಬೇರೆ ಯಾರ ವರದಿಯಲ್ಲೂ ಹೀಗೆ ಮಾಡಿಲ್ಲ. ಇವಳೊಬ್ಬಳದರಲ್ಲಿ.'

ಎಷ್ಟು ಬೇಗ ನಂಬಿದರು ಗೊತ್ತಾ! ಗೋಡೆ ಸೋರುತ್ತೆ ಅಂದರೆ ಹನ್ನೊಂದು ಕಾಗದ ಬರೆದರೂ ಅರ್ಥ ಆಗದ ಇಲಾಖೆಗೆ, ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಮೇಲೆ ಹಗೆ ತೀರಿಸಿಕೊಂಡಳು ಅಂದರೆ ಚಿಟಿಕೆ ಹೊಡೆಯೋದರಲ್ಲಿ ಅರ್ಥ ಆಯ್ತು. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಪೈಪಿನ ಬಗ್ಗೆಯೂ ಕೇಳಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು, ಕಾಲಿಗೆ ಏನೋ ಮೆತ್ತಿಕೊಂಡವರ ಹಾಗೆ ನನ್ನ ನೋಡಿದಳು. ನನ್ನ ಗುರುತಿನ ಚೀಟಿ ಅಲ್ಲೇ ಮೇಜಿನ ಮೇಲೆ ಇಡಿಸಿಕೊಂಡರು. ಇನ್ನು ಈ ಕೆಲಸ ನನಗೆ ಎಲ್ಲೂ ಸಿಗಲ್ಲ. ಮಗುವನ್ನ ಅವತ್ತೇ ತಾಯಿ ಜೊತೆ ಕಳಿಸಿ ಅಂದರು.

ಇಸ್ತ್ರಿಯವಳು ನನ್ನ ಕಡೆ ತಿರುಗಿದಳು ಬೆಣ್ಣೆ. ಎದುರು ಮಾತಾಡಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ತಾ ಇದ್ದಳು ಅನಿಸುತ್ತೆ. ಹುಬ್ಬು ಗಂಟು ಹಾಕಿಕೊಂಡು, ಪಾಪ, ನಿಜವಾಗಿ ಹುಡುಕ್ತಾ ಇದ್ದಳು.

ಹೊರಗೆ ಜಗಲಿಯಲ್ಲಿ ಪುಟ್ಟಿಯನ್ನ ಕರಕೊಂಡು ಬಂದರು. ಮಗು ಅಮ್ಮನನ್ನ ಅಪ್ಪಿಕೊಂಡು, ಬಿಟ್ಟು, 'ದೊಡ್ಡಮ್ಮಾ' ಅಂತ ನನ್ನ ಕಡೆ ಓಡಿತು. ಇವಳು ಅದರ ಅಂಗಿ ಹಿಡಿದು ಎಳೆದುಕೊಂಡಳು. ನನಗೆ ಅಂದಳು, 'ಮೇಡಂ, ದಾರಿ ಬಿಡಿ.'

ಎರಡು ವರ್ಷದಲ್ಲಿ ಮೊದಲನೇ ಸಲ ಮೇಡಂ ಅಂದಿದ್ದು. ದಾರಿ ಬಿಟ್ಟೆ.

ಆ ರೂಮಿಗೇ ಹೋದರು ಇಬ್ಬರೂ, ಇನ್ನೆಲ್ಲಿಗೆ ಹೋಗ್ತಾರೆ? ಅಂಕ ತಿರುಗಿ ಅರವತ್ತನಾಲ್ಕಾಗಿದೆ. ನಾನು ಆ ಬೀದಿಗೆ ಹೋಗೋ ಹಾಗಿಲ್ಲ. ಮಾಡಿದ್ದು ಸರಿಯಾ ಅಂತ ಕೇಳಬೇಡ. ಸತ್ಯ ಹೇಳೋಕೆ ಹೋಗಿ ಸುಳ್ಳು ಹೇಳಿ ಬಂದಿದೀನಿ, ಮೈಯೆಲ್ಲ ಅಸಹ್ಯ. ಆದರೆ ಮಗು ಅಮ್ಮನ ಹತ್ತಿರ ಇದೆ.

ನೀನು ಒಳಗಿದ್ದೀಯ. ಇನ್ನು ನಾನು ಒಳಗಿಲ್ಲ. ಏನಾದರೂ ಮಾಡು.

ಸೂಜಿ


ಆಗಸ್ಟ್ ೩೦

ಸೂಜಿ,

ನಿನಗೆ ಉತ್ತರ ಬರೆಯದೆ ಎರಡೂವರೆ ತಿಂಗಳಾಯಿತು. ಬರೆಯಲು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ.

ನಮೂನೆಯಲ್ಲಿ ಗೋಡೆಗೆ ಕಲಂ ಬಂತು. ಇಪ್ಪತ್ತನಾಲ್ಕನೆಯದು. ಈ ಸಲ ಗಟ್ಟಿಯಾಗಿ ನಿಂತು ಜಗಳ ಆಡಿದೆ, ನನ್ನ ದನಿ ನನಗೇ ಗುರುತು ಸಿಗದ ಹಾಗೆ. ಹದಿನೈದು ಅಂಕ ಕೇಳಿದೆ, ನಾಲ್ಕು ಕೊಟ್ಟರು. ನಿನ್ನ ಇಸ್ತ್ರಿಯವಳು ಅರವತ್ತೆಂಟಕ್ಕೆ ಬಂದಿದ್ದಾಳೆ, ಸಾಲಿನಲ್ಲಿ ಒಂಬತ್ತು ಜನರನ್ನು ದಾಟಿದ್ದಾಳೆ. ಅವಳ ಮುಂದೆ ಇನ್ನೂ ನೂರ ನಲವತ್ತು ಜನರಿದ್ದಾರೆ. ಇದನ್ನು ನಿನಗೆ ಒಳ್ಳೆಯ ಸುದ್ದಿ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಇನ್ನೊಂದು ವಿಷಯ ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ.

ಹೊಸದಾಗಿ ಕೆಲಸಕ್ಕೆ ಸೇರಿದ ಇಪ್ಪತ್ತೆರಡು ಜನರಿಗೆ ತರಬೇತಿ ನಡೆಯಿತು. ಪುಸ್ತಕದಲ್ಲಿ ನಿನ್ನ ಪ್ರಕರಣವನ್ನು ಸೇರಿಸಿದ್ದಾರೆ. ಹೆಸರಿಲ್ಲ, 'ಒಬ್ಬ ಕ್ಷೇತ್ರ ಕಾರ್ಯಕರ್ತೆ' ಎಂದಿದೆ. ಪಾಠದ ತಲೆಬರಹ 'ವೈಯಕ್ತಿಕ ದ್ವೇಷ ಮತ್ತು ವೃತ್ತಿಧರ್ಮ'. ಪಾಠ ಮಾಡುವುದು ನನ್ನ ಪಾಲಿಗೆ ಬಂತು. ತಲೆನೋವೆಂದು ರಜ ಹಾಕಬಹುದಿತ್ತು. ಹಾಕಲಿಲ್ಲ. ಬೇರೆಯವರು ಮಾಡಿದರೆ ಇನ್ನೂ ಕೆಟ್ಟದಾಗಿ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಬೆಣ್ಣೆ ಮಾತು ನನ್ನ ಮೇಲೂ ನಡೆಯುತ್ತದೆ.

ಓದಿ ಮುಗಿಸಿದೆ. ಮೊದಲ ಸಾಲಿನಲ್ಲಿ ಒಬ್ಬಳು ಕೂತಿದ್ದಳು, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಇರಬೇಕು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. 'ಮೇಡಂ, ಒಂದು ಮಗುವಿಗೆ ಹೀಗೆ ಮಾಡೋ ಅಷ್ಟು ಹೊಲಸು ಮನಸ್ಸಿನವರು ಈ ಕೆಲಸಕ್ಕೆ ಯಾಕಾದರೂ ಬರ್ತಾರೆ?' ಎಂದಳು. ಕ್ಲಾಸೆಲ್ಲ ನನ್ನ ಮುಖ ನೋಡಿತು. ಬಾಗಿಲು ಮುಚ್ಚಿತ್ತು, ಮೇಲಿನವರು ಯಾರೂ ಇರಲಿಲ್ಲ. ಹೇಳಬಹುದಿತ್ತು ಕಣೇ. ನಿನ್ನ ಹೆಸರು ನಾಲಿಗೆ ತುದಿಯಲ್ಲಿತ್ತು.

'ಮುಂದಿನ ಪುಟ ತೆಗೆಯಿರಿ' ಅಂದೆ. ತೆಗೆದರು.

ಬೆಣ್ಣೆ